ಕೃತಕ ಬಂಡೆಸಾಲು

ಮೀನುಗಳನ್ನು ಸೆಳೆಯಲು, ಅವುಗಳಿಗೆ ಆಸರೆ ಕೊಡಲು ನೀರಿನ ತಳಕ್ಕೆ ಇಳಿಸುವ ಮಾನವನಿರ್ಮಿತ ರಚನೆ. ಮರಳಿನ ಬಯಲು ತಳದಲ್ಲಿ ಗಟ್ಟಿ ವಸ್ತುವೊಂದು ನಿಂತರೆ ಅದಕ್ಕೆ ಪಾಚಿ, ಚಿಪ್ಪುಜೀವಿಗಳು ಅಂಟುತ್ತವೆ. ಸಣ್ಣ ಮೀನುಗಳು ಮೇಯಲು ಬರುತ್ತವೆ, ಅವುಗಳ ಬೆನ್ನಿಗೆ ಮುರು (ಗ್ರೂಪರ್) ಮೀನಿನಂಥ ದೊಡ್ಡವು. ಭಾರತದಲ್ಲಿ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ತ್ರಿಕೋನ ಹಾಗೂ ಬಾವಿಬಳೆ ಆಕಾರದ ಕಾಂಕ್ರೀಟ್ ಘಟಕಗಳು ಬಳಕೆಯಲ್ಲಿವೆ. ಜಾಗದ ಆಯ್ಕೆಯೇ ಅರ್ಧ ಕೆಲಸ: ಕೆಸರು ಆಳವಾಗಿದ್ದರೆ ಘಟಕ ಹೂತುಹೋಗುತ್ತದೆ, ನದಿಮುಖದ ಹೂಳಿಗೂ ಸಿಗಬಾರದು.

ಕರ್ನಾಟಕ ಕರಾವಳಿಯಲ್ಲಿ ಹೆಚ್ಚು ಚರ್ಚೆಯಾದದ್ದು ಮಾತ್ರ ಬೇರೊಂದು ಬಗೆ. ತೆಂಗಿನ ಒಣ ಹೊಂಬಾಳೆಗಳನ್ನು ಹಗ್ಗದಲ್ಲಿ ಕಟ್ಟಿ, ಮರಳುಚೀಲದ ಭಾರ ಸೇರಿಸಿ ಕಡಲಿಗೆ ಇಳಿಸುತ್ತಾರೆ. ಕಪ್ಪೆ ಬೊಂಡಾಸ್ (ಕಟಲ್‌ಫಿಶ್) ಮೊಟ್ಟೆಯಿಡಲು ಗಟ್ಟಿ ಆಸರೆ ಹುಡುಕುವ ಜೀವಿ. ಹೊಂಬಾಳೆಯ ಕವಲುಗಳಿಗೆ ದ್ರಾಕ್ಷಿಗೊಂಚಲಿನಂತೆ ಮೊಟ್ಟೆ ಅಂಟಿಸುತ್ತದೆ. ಅಲ್ಲೇ ಗಾಳ ಇಳಿಸಿದರೆ ದೊಡ್ಡ ಕಪ್ಪೆ ಬೊಂಡಾಸ್ ಸುಲಭವಾಗಿ ಸಿಗುತ್ತದೆ. ತೊಡಕೂ ಅಲ್ಲೇ ಇದೆ: ಹಿಡಿಯುವುದು ಮೊಟ್ಟೆಯಿಡಲು ಬಂದ ತಾಯಿಜೀವಿಗಳನ್ನು. ಈ ಕಟ್ಟುಗಳು ಟ್ರಾಲ್ ಬಲೆಗೆ ಸಿಕ್ಕಿ ದೋಣಿಯವರ ನಡುವೆ ಜಗಳಕ್ಕೂ ಕಾರಣವಾಗಿವೆ. ಇದನ್ನು ಬಂಡೆಸಾಲು ಎನ್ನುವುದಕ್ಕಿಂತ ಮೀನು ಸೆಳೆಯುವ ಬೋನು ಎನ್ನುವುದೇ ಸರಿ.

ವಸ್ತುವಿನ ಆಯ್ಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ಲೋರಿಡಾ ಕುಖ್ಯಾತ ಉದಾಹರಣೆ. ಅಲ್ಲಿ 1970ರ ದಶಕದಲ್ಲಿ ಸುಮಾರು 20 ಲಕ್ಷ ಹಳೆಯ ಟೈರುಗಳನ್ನು ಕಡಲಿಗೆ ಹಾಕಲಾಯಿತು. ಕಟ್ಟು ಸಡಿಲಗೊಂಡ ಟೈರುಗಳು ಅಲೆಗೆ ಉರುಳಿ ನಿಜವಾದ ಹವಳದಿಬ್ಬಗಳನ್ನೇ ಉಜ್ಜಿ ಹಾಳುಮಾಡಿದವು. ಅವನ್ನು ಎತ್ತುವ ಕೆಲಸ ದಶಕಗಳ ಬಳಿಕವೂ ಮುಗಿದಿರಲಿಲ್ಲ.