ಜಾತ್ಯತೀತತೆ: ಮನೆ, ಕಛೇರಿ, ಬೀದಿ, ಶಾಲೆ

ಸಂವಿಧಾನದ ‘ಸೆಕ್ಯುಲರ್’ ಪದಕ್ಕೆ ಕನ್ನಡದಲ್ಲಿ ಜಾತ್ಯತೀತ, ಧರ್ಮನಿರಪೇಕ್ಷ, ಸರ್ವಧರ್ಮ ಸಮಭಾವ ಎಂಬ ಮೂರು ಹೆಸರುಗಳು ಬಳಕೆಯಲ್ಲಿವೆ. ಮೊದಲನೆಯದನ್ನು ಕೇಳಿದೊಡನೆ ನಮ್ಮ ಜಿಲ್ಲೆಯಲ್ಲಿ ಒಂದು ರಾಜಕೀಯ ಪಕ್ಷ ನೆನಪಾಗುವುದು ಸಹಜ. ಆದರೆ ಇಲ್ಲಿ ಪ್ರಸ್ತುತವಾದುದು ಜಾತಿಗಿಂತ ಹೆಚ್ಚಾಗಿ ಮತಧರ್ಮ. ಪ್ರಭುತ್ವಕ್ಕೆ ತನ್ನದೆಂಬ ಮತವಿಲ್ಲ, ಪ್ರಜೆಗೆ ತನ್ನ ಮತವನ್ನು ಆಚರಿಸುವ ಹಕ್ಕುಂಟು ಎಂಬುದೇ ಪದದ ತಾತ್ಪರ್ಯ.

1976ರ 42ನೆಯ ತಿದ್ದುಪಡಿಯಿಂದ ಈ ಪದ ಪ್ರಸ್ತಾವನೆಗೆ ಸೇರಿತು. ತತ್ತ್ವವಾದರೋ 1950ರಿಂದಲೇ 25ರಿಂದ 28ರವರೆಗಿನ ವಿಧಿಗಳಲ್ಲಿದೆ. 1994ರಲ್ಲಿ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಅದನ್ನು ಸಂವಿಧಾನದ ಮೂಲರಚನೆಯ ಅಂಗವೆಂದಿತು. ಬೊಮ್ಮಾಯಿಯವರ ವ್ಯಾಜ್ಯ ಬಹುಮತವನ್ನು ಕುರಿತದ್ದು. ಈ ಪ್ರಶ್ನೆ ಎದ್ದದ್ದು 1992ರ ಡಿಸೆಂಬರಿನಲ್ಲಿ ವಜಾಗೊಂಡ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶ ಸರ್ಕಾರಗಳ ಪ್ರಕರಣಗಳಿಂದ. ಕನ್ನಡಿಗರೊಬ್ಬರ ಹೆಸರು ಮಾತ್ರ ತೀರ್ಪಿಗೆ ಶಾಶ್ವತವಾಗಿ ಅಂಟಿತು.

‘ಜಾತ್ಯತೀತರಾಗಬೇಕಾದರೆ ಇಷ್ಟಲಿಂಗವನ್ನು ತೆಗೆದಿಡಬೇಕೆ?’ ಎಂದು ಯುವಕರು ನಮ್ಮನ್ನು ಕೇಳುವುದುಂಟು. ಬೇಕಿಲ್ಲ. ಲಿಂಗವಂತ ತಹಶೀಲ್ದಾರರು ಪೂಜೆ ಮುಗಿಸಿ, ಲಿಂಗವನ್ನು ಧರಿಸಿಯೇ ಕಛೇರಿಗೆ ಹೋಗಬಹುದು. ಆದರೆ ಪಹಣಿ ಹಿಡಿದು ಎದುರು ನಿಂತವರ ಹಣೆಯಲ್ಲಿ ವಿಭೂತಿಯಿದೆಯೋ ನಾಮವಿದೆಯೋ ಎಂದು ನೋಡಿ ಕಡತ ಸರಿಸುವಂತಿಲ್ಲ. ಇನ್ನು, ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೆಯ ವಿಧಿಯ ಮುಂದೆ ‘ಇದು ನಮ್ಮ ಆಚಾರ’ ಎಂಬ ಮಾತು ನಿಲ್ಲದು.

ಬೀದಿಯ ಪ್ರಶ್ನೆ ಇವೆಲ್ಲಕ್ಕಿಂತ ಕಠಿಣ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲ ಪಟ್ಟಣದಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆ ಮುಸ್ಲಿಮರ ಪ್ರಾರ್ಥನಾಸ್ಥಳದ ಬಳಿ ಸಾಗುವಾಗ ಘರ್ಷಣೆಯಾಯಿತು. ಅಂಗಡಿಗಳಿಗೂ ವಾಹನಗಳಿಗೂ ಬೆಂಕಿ ಬಿತ್ತು, ನಿಷೇಧಾಜ್ಞೆ ಜಾರಿಯಾಯಿತು. ಕಂಬದಹಳ್ಳಿಯ ಜೈನ ಬಸದಿ, ಸೌಮ್ಯಕೇಶವನ ಗುಡಿ, ನಾಥಪರಂಪರೆಯ ಆದಿಚುಂಚನಗಿರಿ ಎಲ್ಲವೂ ಇರುವ ತಾಲ್ಲೂಕು ಇದು. ಮೆರವಣಿಗೆ ಹೊರಡಿಸುವುದೂ ನಮಾಜು ಮಾಡುವುದೂ ಹಕ್ಕುಗಳೇ. ಆದರೆ 25ನೆಯ ವಿಧಿ ಈ ಹಕ್ಕನ್ನು ಸಾರ್ವಜನಿಕ ಸುವ್ಯವಸ್ಥೆಗೆ ಅಧೀನಗೊಳಿಸಿದೆ. ಬೀದಿ ಯಾರೊಬ್ಬರ ಪೂಜಾಗೃಹವೂ ಅಲ್ಲ. ಅಲ್ಲಿ ಪೊಲೀಸರು ಮೆರವಣಿಗೆಯವರನ್ನೂ ಪ್ರಾರ್ಥನೆಗೆ ಬಂದವರನ್ನೂ ಸಮನಾಗಿ ಕಾಯಬೇಕು, ತಪ್ಪಿತಸ್ಥರನ್ನು ಮತ ನೋಡದೆ ಹಿಡಿಯಬೇಕು.

ಅನ್ಯರಿಗೆ ಹೇಳುವ ಮೊದಲು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕಾಗಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಪೂಜೆಗಾಗಲಿ ಧಾರ್ಮಿಕ ಬೋಧನೆಗಾಗಲಿ ಕೂರಿಸುವಂತಿಲ್ಲವೆಂದು 28ನೆಯ ವಿಧಿ ಹೇಳುತ್ತದೆ. (ಪಠ್ಯದಲ್ಲಿ ವಚನಗಳನ್ನು ಸಾಹಿತ್ಯವಾಗಿ ಓದಿಸುವ ಮಾತು ಬೇರೆ.) ಸಾಮೂಹಿಕ ಲಿಂಗಪೂಜೆಗೆ ಎಲ್ಲ ಮಕ್ಕಳೂ ಬರುವುದೇ ಶಿಸ್ತು ಎಂದು ನಾವು ಬಹುಕಾಲ ಭಾವಿಸಿದ್ದೆವು, ಒಬ್ಬ ತಂದೆಯನ್ನೂ ಕೇಳಿರಲಿಲ್ಲ. ಮಠದ ಶಾಲೆಗೆ ಮಕ್ಕಳನ್ನು ಸೇರಿಸುವ ಸದ್ಭಕ್ತರೂ ಇತರರೂ ಇನ್ನು ಮುಂದೆ ಪ್ರವೇಶ ಅರ್ಜಿಯೊಡನೆ ಒಪ್ಪಿಗೆಪತ್ರವನ್ನು ಕೇಳಿ ಪಡೆಯಬೇಕು. ಅದಕ್ಕೆ ಸಹಿ ಹಾಕದಿದ್ದರೆ ಮಗುವಿನ ಪ್ರವೇಶಕ್ಕಾಗಲಿ ದಾಸೋಹದ ಊಟಕ್ಕಾಗಲಿ ಅಡ್ಡಿಯಿಲ್ಲ.