ಕಂಪ್ಯೂಟರಿನಿಂದ ಯಾವ ನಂಬರಿಗಾದರೂ ಉಚಿತವಾಗಿ ಕರೆ ಮಾಡಬಹುದೇ?

‘ಕಂಪ್ಯೂಟರಿನಿಂದ ಯಾವ ದೇಶದ ಯಾವ ಫೋನಿಗಾದರೂ ಉಚಿತವಾಗಿ ಮಾತಾಡಿ, ಈ ಲಿಂಕ್ ಒತ್ತಿ’ ಎಂಬರ್ಥದ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಮಗ ದುಬೈಯಲ್ಲೋ ಮಗಳು ಅಮೆರಿಕದಲ್ಲೋ ಇದ್ದರೆ, ನೋಡಿದ ಕೂಡಲೇ ಅವರಿಗೂ ಕಳಿಸೋಣ ಅನ್ನಿಸುವುದು ಸಹಜ. ಕಳಿಸುವ ಮೊದಲು ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡೋಣ.

ಚಿಕ್ಕದಾಗಿ ಹೇಳುವುದಾದರೆ: ಆ್ಯಪ್‌ನಿಂದ ಅದೇ ಆ್ಯಪ್‌ಗೆ ಮಾಡುವ ಕರೆಗೆ ಇಂಟರ್ನೆಟ್ ಖರ್ಚು ಬಿಟ್ಟರೆ ಬೇರೆ ದುಡ್ಡು ಬೇಕಿಲ್ಲ. ಆದರೆ ಹೊರದೇಶದಿಂದ ಇಲ್ಲಿನ ಫೋನ್ ನಂಬರಿಗೆ ಕರೆ ಮಾಡಿದರೆ ಯಾರಾದರೊಬ್ಬರು ದುಡ್ಡು ಕೊಡಲೇಬೇಕು.

ಮಾತು ಇಂಟರ್ನೆಟ್‌ನಲ್ಲಿ ಹೇಗೆ ಹೋಗುತ್ತದೆ?

ನೀವು ಮಾತಾಡಿದಾಗ ಕಂಪ್ಯೂಟರ್ ನಿಮ್ಮ ದನಿಯನ್ನು ಅಂಕಿಗಳಾಗಿ ಬದಲಿಸಿ, ಚಿಕ್ಕ ಚಿಕ್ಕ ಪೊಟ್ಟಣಗಳಲ್ಲಿ ಕಳಿಸುತ್ತದೆ. ಹಳೆಯ, ಇಂದಿಗೂ ಬಳಕೆಯಲ್ಲಿರುವ ಜಿ.711 ವಿಧಾನದಲ್ಲಿ ದನಿಯನ್ನು ಸೆಕೆಂಡಿಗೆ 8,000 ಬಾರಿ ಅಳೆಯಲಾಗುತ್ತದೆ. ಪೊಟ್ಟಣದ ಮೇಲಿನ ವಿಳಾಸವೂ ಸೇರಿ ಒಂದು ದಿಕ್ಕಿಗೆ ಸೆಕೆಂಡಿಗೆ ಸುಮಾರು 80 ಕಿಲೋಬಿಟ್ ಬೇಕು. ಹೋಗುವ, ಬರುವ ಮಾತು ಎರಡನ್ನೂ ಲೆಕ್ಕ ಹಾಕಿದರೆ ಒಂದು ಗಂಟೆಗೆ ಸುಮಾರು 72 ಎಂಬಿ ಅಷ್ಟೇ. 2012ರಲ್ಲಿ ಬಂದ ಓಪಸ್‌ನಂಥ ವಿಧಾನಗಳಿಗೆ ಇದಕ್ಕಿಂತ ಕಡಿಮೆ ಡೇಟಾ ಸಾಕು. ವಾಟ್ಸಾಪ್ 2021ರಿಂದ ಕಂಪ್ಯೂಟರ್ ಆ್ಯಪ್‌ನಲ್ಲೂ ಕರೆ ಸೌಲಭ್ಯ ಕೊಟ್ಟಿದೆ.

ಹಾಗಾದರೆ ನಂಬರಿಗೆ ದುಡ್ಡು ಯಾಕೆ?

ನಿಮ್ಮ ಕರೆ ಆ್ಯಪ್ ಇಲ್ಲದ ಮಾಮೂಲಿ ಫೋನಿಗೆ ಹೋಗಬೇಕು ಎಂದಿಟ್ಟುಕೊಳ್ಳಿ. ಆಗ ಅದು ಇಂಟರ್ನೆಟ್ ಬಿಟ್ಟು ಟೆಲಿಫೋನ್ ಜಾಲದೊಳಗೆ ಇಳಿಯಬೇಕು. ಇಳಿಯುವ ಜಾಗದಲ್ಲಿ ಸುಂಕದ ಕಟ್ಟೆಯಂಥ ವ್ಯವಸ್ಥೆಯಿದೆ. ಕರೆಯನ್ನು ಕೊನೆಗೆ ಮುಟ್ಟಿಸುವ ಕಂಪನಿಗೆ, ಕಳಿಸಿದ ಕಂಪನಿ ಶುಲ್ಕ ಕೊಡುತ್ತದೆ.

ಭಾರತದೊಳಗಿನ ಮೊಬೈಲ್ ಕರೆಗಳಿಗೆ ಈ ಶುಲ್ಕ 2021ರ ಜನವರಿ 1ರಿಂದ ಇಲ್ಲ. ಆದರೆ ಹೊರದೇಶದಿಂದ ಬರುವ ಕರೆಗಳಿಗೆ ಉಳಿದಿದೆ. ನಿಮಿಷಕ್ಕೆ 35ರಿಂದ 65 ಪೈಸೆಯವರೆಗೆ ವಿಧಿಸಲು ಟ್ರಾಯ್ 2020ರಲ್ಲಿ ಅವಕಾಶ ಕೊಟ್ಟಿತು. ‘ಪೂರ್ತಿ ಉಚಿತ’ ಎನ್ನುವವರು ಈ ದುಡ್ಡನ್ನು ಜಾಹೀರಾತಿನಿಂದ ತುಂಬಿಕೊಳ್ಳುತ್ತಿರಬಹುದು, ನಿಮ್ಮ ಮಾಹಿತಿಯನ್ನು ಮಾರಿ ಗಳಿಸುತ್ತಿರಬಹುದು. ಇಲ್ಲವೇ ಶುಲ್ಕವನ್ನೇ ತಪ್ಪಿಸುತ್ತಿರಬಹುದು.

ಶುಲ್ಕ ತಪ್ಪಿಸುವುದು ಹೇಗೆ?

ಇದಕ್ಕೆ ಬಳಸುವ ಸಾಧನ ಸಿಮ್ ಬಾಕ್ಸ್. ಹತ್ತಾರು ಸಿಮ್ ಕಾರ್ಡ್ ಹಾಕಬಹುದಾದ ಪೆಟ್ಟಿಗೆ ಇದು. ಹೊರದೇಶದ ಕರೆ ಇಂಟರ್ನೆಟ್ ಮೂಲಕ ಈ ಪೆಟ್ಟಿಗೆಗೆ ಬಂದು, ಅಲ್ಲಿಂದ ಸ್ಥಳೀಯ ಕರೆಯಂತೆ ನಿಮ್ಮ ಮೊಬೈಲಿಗೆ ಹೋಗುತ್ತದೆ. ದುಬೈಯಿಂದ ಮಾತಾಡುತ್ತಿರುವುದು ನಿಮ್ಮ ಮಗನೇ ಆದರೂ ಪರದೆಯ ಮೇಲೆ ಯಾವುದೋ ಭಾರತದ ಅಪರಿಚಿತ ನಂಬರ್ ಕಾಣುತ್ತದೆ.

ನಷ್ಟ ಕಂಪನಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಕರೆ ನಿಜವಾಗಿ ಎಲ್ಲಿಂದ ಬಂತು ಎಂಬುದೇ ಮುಚ್ಚಿಹೋಗುವುದರಿಂದ ವಂಚಕರಿಗೂ ಇದೇ ದಾರಿ ಬೇಕು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಇಂಥ ಅಕ್ರಮ ಟೆಲಿಫೋನ್ ವಿನಿಮಯ ಕೇಂದ್ರಗಳನ್ನು ಪೊಲೀಸರು ಪತ್ತೆ ಹಚ್ಚಿದ್ದರು.

ಇಂಟರ್ನೆಟ್ ಕರೆಯೇ ಅಕ್ರಮವೇ?

ಅಲ್ಲ. ಭಾರತದಲ್ಲಿ 2002ರ ಏಪ್ರಿಲ್‌ನಿಂದಲೇ ಇದಕ್ಕೆ ಅನುಮತಿ ಇದೆ. ಆಗ ಕಂಪ್ಯೂಟರಿನಿಂದ ಕಂಪ್ಯೂಟರಿಗೆ, ಹೊರದೇಶದ ಫೋನಿಗೆ ಕರೆ ಮಾಡಬಹುದಿತ್ತು. ದೇಶದೊಳಗಿನ ಫೋನಿಗೆ ಮಾಡುವಂತಿರಲಿಲ್ಲ. ಭಾರತದೊಳಗಿನಿಂದ ಇಲ್ಲಿನದೇ ಫೋನ್‌ಗಳಿಗೆ ಕರೆ ಮಾಡುವ ಸೌಲಭ್ಯವನ್ನು ಸ್ಕೈಪ್ 2014ರ ನವೆಂಬರ್‌ನಲ್ಲಿ ನಿಲ್ಲಿಸಿತು. 2018ರಲ್ಲಿ ದೂರಸಂಪರ್ಕ ಇಲಾಖೆ ಪರವಾನಗಿ ಇರುವ ಕಂಪನಿಗಳಿಗೆ ದಾರಿ ತೆರೆಯಿತು. ಅದೇ ವರ್ಷ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಹೆಸರಿನಲ್ಲಿ ಇಂಥ ಸೇವೆ ಪ್ರಕಟಿಸಿತು. ಸ್ಕೈಪ್ 2025ರ ಮೇ 5ರಂದು ಮುಚ್ಚಿದೆ. ಈಗಲೂ ‘ಸ್ಕೈಪ್ ಕ್ರೆಡಿಟ್ ಅಗ್ಗಕ್ಕೆ’ ಎಂಬ ಸಂದೇಶ ಬಂದರೆ ನಂಬಬೇಡಿ.

ನಿಯಮ ಎಲ್ಲ ದೇಶಗಳಲ್ಲೂ ಒಂದೇ ಅಲ್ಲ. ಯುಎಇಯಲ್ಲಿ ವಾಟ್ಸಾಪ್ ಸಂದೇಶ ಕಳಿಸಬಹುದು, ಕರೆಗೆ ತಡೆಯಿದೆ. ಅಲ್ಲಿರುವ ನಮ್ಮವರು ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್ ಬಳಸುವುದೇ ಸರಿ. ನಿರ್ಬಂಧ ತಪ್ಪಿಸಲು ವಿಪಿಎನ್ ಹಾಕಿಕೋ ಎಂದು ಇಲ್ಲಿಂದ ಸಲಹೆ ಕೊಟ್ಟರೆ, ದಂಡದ ಭಯ ಅವರದ್ದೇ.

ನೀವು ಏನು ಮಾಡಬಹುದು?

- ಇಬ್ಬರಿಗೂ ಇಂಟರ್ನೆಟ್ ಇದ್ದರೆ ಒಂದೇ ಆ್ಯಪ್‌ನಲ್ಲಿ ಮಾತಾಡಿ. ಅದೇ ಅತಿ ಅಗ್ಗ.
- ಫೋನ್ ನಂಬರಿಗೇ ಕರೆ ಮಾಡಬೇಕಿದ್ದರೆ ನಿಮಿಷದ ದರವನ್ನು ಮೊದಲೇ ತೋರಿಸುವ ಸೇವೆ ಆರಿಸಿ.
- ಕರೆ ಮಾಡಲು ಒಟಿಪಿ, ಬ್ಯಾಂಕ್ ವಿವರ ಕೇಳಿದರೆ ಅಲ್ಲಿಗೇ ಬಿಡಿ.
- ಹೊರದೇಶದ ಕರೆ ಭಾರತದ ಅಪರಿಚಿತ ನಂಬರಿನಿಂದ ಬಂದರೆ ಸಂಚಾರ್ ಸಾಥಿ ಜಾಲತಾಣದಲ್ಲಿ ತಿಳಿಸಿ. ದುಡ್ಡು ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.
- ವಾಟ್ಸಾಪ್ ಕರೆ 112ಕ್ಕೆ ಹೋಗುವುದಿಲ್ಲ. ತುರ್ತಿಗೆ ಮಾಮೂಲಿ ಫೋನ್ ಕೈಗೆಟಕುವಂತಿರಲಿ.

ನಮ್ಮ ತೀರ್ಮಾನ: ‘ಇಂಟರ್ನೆಟ್‌ನಿಂದ ಅಗ್ಗದ ಕರೆ’ ಎಂಬುದು ನಿಜ. ‘ಯಾವ ನಂಬರಿಗಾದರೂ ಪೂರ್ತಿ ಉಚಿತ’ ಎಂಬುದು ದಾರಿ ತಪ್ಪಿಸುವ ಮಾತು. ಆ ಲಿಂಕನ್ನು ಮುಂದಕ್ಕೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಕರೆಯ ದುಡ್ಡನ್ನು ಯಾರು ಕೊಡುತ್ತಿದ್ದಾರೆ?