ನಾಲ್ಕು ಅಕ್ಷರದ ಆಸ್ಪತ್ರೆ

ಕೋಲಾರದಲ್ಲಿ ಇ.ಟಿ.ಸಿ.ಎಂ. ಅಂದರೆ ಸಾಕು, ವಿಳಾಸ ಬೇಡ. ಬಿಡಿಸಿದರೆ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ. ಈ ಎಲೆನ್ ವೈದ್ಯೆಯಲ್ಲ. ಅಮೆರಿಕದ ಸಿನ್ಸಿನಾಟಿಯಲ್ಲಿ ಮೆಥಡಿಸ್ಟ್ ಮಹಿಳಾ ಮಿಷನ್ ಸಂಘದ ಕಾರ್ಯದರ್ಶಿಯಾಗಿದ್ದವರು. ಲಖನೌದಲ್ಲಿ ಹೆಣ್ಣುಮಕ್ಕಳ ಕಾಲೇಜು ಕಟ್ಟಿದ ಇಸಬೆಲ್ಲಾ ಥೋಬರ್ನ್ ಅವರ ಸಹೋದರಿ.

ಊರಿನ ಮಿಷನ್ ಶುರುವಾದದ್ದು ಮಾತ್ರ ಬೇರೆ ಬಗೆಯ ಮುಂದಾಳಿನಿಂದ. ಹಿರಿಯರು ಧಾತು-ಈಶ್ವರದ ಬರ ಎನ್ನುತ್ತಿದ್ದ 1876-78ರ ಕ್ಷಾಮದಲ್ಲಿ ಮಿಸ್ ಆನ್‌ಸ್ಟೀ ಅನಾಥ ಮಕ್ಕಳನ್ನು ಕರೆದು ಸಾಕಿದರು. ಎಲ್ಲ ಭಾರವೂ ಒಬ್ಬರ ಹೆಗಲ ಮೇಲೆ. 1890ರಲ್ಲಿ ಅವರು ಮಿಷನ್ನನ್ನು ಮೆಥಡಿಸ್ಟರಿಗೆ ಒಪ್ಪಿಸಿದರು. ಕಟ್ಟಿದವರೇ ಬಿಟ್ಟುಕೊಡುವುದು ನಮ್ಮ ಸಂಸ್ಥೆಗಳಲ್ಲಿ ಈಗಲೂ ಅಪರೂಪ. ನನ್ನ ಮಟ್ಟಿಗೆ ಆಕೆಯ ದೊಡ್ಡ ಕೆಲಸ ಇದೇ.

ಆಸ್ಪತ್ರೆ ಬಂದದ್ದು ಆಮೇಲೆ, 1910ರ ಸುಮಾರಿಗೆ. ಅದರ ಹಿಂದಿದ್ದ ಮಹಿಳಾ ಸಂಘ 1869ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿತ್ತು. ಮರುವರ್ಷವೇ ಅದು ಕಳಿಸಿದ ವೈದ್ಯೆ ಕ್ಲಾರಾ ಸ್ವೇನ್ ಬರೇಲಿಯಲ್ಲಿದ್ದರು. ಹಣ ಕೂಡಿಸುವವರು ಹೆಂಗಸರು, ಹೋಗುವವರೂ ಹೆಂಗಸರು. ಗಂಡಸು ಡಾಕ್ಟರು ನಾಡಿ ಹಿಡಿಯುವುದಕ್ಕೂ ಮನೆಯವರು ಒಪ್ಪದಿದ್ದ ಕಾಲದಲ್ಲಿ ಈ ಏರ್ಪಾಡೇ ಎಷ್ಟೋ ಬಾಣಂತಿಯರ ಜೀವದ ಪ್ರಶ್ನೆಯಾಗಿತ್ತು. ವೈದ್ಯೆ ಬದಲಾದರೂ ಚಂದಾ ಕೂಡಿಸುವ ಕೈಗಳು ನಿಲ್ಲುವಂತಿರಲಿಲ್ಲ. ಬೋರ್ಡಿನ ಮೇಲೆ ಕಾರ್ಯದರ್ಶಿಯ ಹೆಸರು ಕೂತದ್ದು ಅದಕ್ಕೇ ಇರಬೇಕು.

ಈಗ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರಿಗೆ ಜಿಲ್ಲಾಸ್ಪತ್ರೆಯಿದೆ, ಟಮಕದಲ್ಲಿ ಮೆಡಿಕಲ್ ಕಾಲೇಜಿದೆ. ಆ ನಾಲ್ಕು ಅಕ್ಷರವನ್ನು ಬಿಡಿಸಿ ಹೇಳುವವರು ಮಾತ್ರ ಕಡಿಮೆ.